ಪರನಾಡಿನ ಮನೆಮಗ

ಕುಮುದ್ವತಿ ನದಿಯ ದಂಡೆಯ ರಟ್ಟೀಹಳ್ಳಿಯಲ್ಲಿ ಬೆಳೆದ ಬಾಲಕನೊಬ್ಬನು ಓದಲೆಂದು ಮೊದಲ ಬಾರಿಗೆ ಹುಬ್ಬಳ್ಳಿಗೆ ಹೋದಾಗ ಅಲ್ಲಿಯೂ ಕನ್ನಡವೇ ಕೇಳಿಸುತ್ತದೆ. ಜೋಳದ ರೊಟ್ಟಿಯೇ ದೊರೆಯುತ್ತದೆ. ಆದರೂ ಕೆಲವು ದಿನ ಅವನಿಗೆ ಊಟ ರುಚಿಸುವುದಿಲ್ಲ, ನಿದ್ರೆ ಹತ್ತುವುದಿಲ್ಲ. ಹೀಗಿರುವಾಗ ಮಾತು, ಲಿಪಿ, ಆಹಾರ, ಹವೆ ಎಲ್ಲವೂ ಬೇರೆಯಾದ ದೇಶದಲ್ಲಿ ಒಂಟಿಯಾಗಿ ಬಾಳಬೇಕಾದ ತರುಣನ ಸ್ಥಿತಿ ಎಂಥದಿರಬೇಕು? 'ದೇಶ ಸುತ್ತು, ಕೋಶ ಓದು' ಎಂದು ಹಿರಿಯರು ಹೇಳಿದ್ದಾರೆ. ದೇಶ ಸುತ್ತುವುದು ಅಷ್ಟು ಕಷ್ಟವಲ್ಲ. ಸುತ್ತಿದ ದೇಶದಲ್ಲಿ ನೆಲೆ ನಿಲ್ಲುವುದು ಕಷ್ಟ.

ಈಚಿನ ವರ್ಷಗಳಲ್ಲಿ ಕರ್ನಾಟಕದ ಎಷ್ಟೋ ತರುಣ ತರುಣಿಯರು ವೈದ್ಯಶಾಸ್ತ್ರವನ್ನು ಕಲಿಯಲು ಚೀನಾದ ನಗರಗಳಿಗೆ ಹೋಗಿದ್ದಾರೆ. ೨೦೨೦ರ ಕೊರೋನಾ ಪಿಡುಗಿಗೆ ಮುನ್ನ ಆ ದೇಶದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ೨೦,೦೦೦ವನ್ನು ಮೀರಿತ್ತು. ಅಲ್ಲಿಗೆ ಹೋದ ಪರದೇಶಿಯು ೨೪ ತಾಸುಗಳೊಳಗೆ ತನ್ನ ವಾಸಸ್ಥಳವನ್ನು ಪೊಲೀಸರಲ್ಲಿ ನೋಂದಾಯಿಸಬೇಕು. ಕಾಗದದ ಈ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ಬೇಗನೆ ಮುಗಿಯದಿರುವುದು ಭಾಷೆಯ ಕೆಲಸ. ಕನ್ನಡದ ವರ್ಣಮಾಲೆಯನ್ನೂ ಕಾಗುಣಿತವನ್ನೂ ಕಲಿತ ಮಗುವು ಯಾವ ಪದವನ್ನಾದರೂ ಕೂಡಿಸಿಕೊಂಡು ಓದಬಲ್ಲದು. ಚೀನೀ ಲಿಪಿಯಲ್ಲಿ ಅಂಥ ವರ್ಣಮಾಲೆಯಿಲ್ಲ. ದಿನಪತ್ರಿಕೆಯನ್ನು ಓದಬೇಕಾದರೆ ಸುಮಾರು ೩,೦೦೦ ಚಿಹ್ನೆಗಳ ಪರಿಚಯವಿರಬೇಕು. ಉಚ್ಚಾರವೂ ಸುಲಭವಲ್ಲ. 'ಮಾ' ಎಂಬ ಒಂದೇ ಶಬ್ದವು ಧ್ವನಿಯ ಏರಿಳಿತಕ್ಕೆ ತಕ್ಕಂತೆ ತಾಯಿಯಾಗುತ್ತದೆ, ಸೆಣಬಾಗುತ್ತದೆ, ಕುದುರೆಯಾಗುತ್ತದೆ, ಬೈಗುಳವೂ ಆಗುತ್ತದೆ. ತಾಯಿಯನ್ನು ನೆನೆಯಹೋಗಿ ಕುದುರೆಯನ್ನು ಕರೆದವನನ್ನು ಕಂಡು ನೆರೆದವರು ನಕ್ಕರೆ ಆಶ್ಚರ್ಯವಿಲ್ಲ. ಮಾರುಕಟ್ಟೆಯಲ್ಲಿ ವ್ಯಾಪಾರಿಯು ಹೆಬ್ಬೆರಳನ್ನೂ ಕಿರುಬೆರಳನ್ನೂ ಚಾಚಿದರೆ ಅದು ಆರು. ಹೊಸಬನು ಅದನ್ನು ಎರಡೆಂದು ತಿಳಿಯುತ್ತಾನೆ. ಬಾಯಾರಿ ನೀರು ಕೇಳಿದರೆ ಬಿಸಿನೀರು ಬರುತ್ತದೆ. ಇವೆಲ್ಲ ಸಣ್ಣ ತೊಡಕುಗಳು. ದೊಡ್ಡ ತೊಡಕು ಆಸ್ಪತ್ರೆಯಲ್ಲಿ ಎದುರಾಗುತ್ತದೆ. ಪಾಠಗಳು ಇಂಗ್ಲಿಷಿನಲ್ಲಿ ನಡೆದರೂ ಹಾಸಿಗೆ ಹಿಡಿದ ರೋಗಿಯು ತನ್ನ ನೋವನ್ನು ಹೇಳಿಕೊಳ್ಳುವುದು ತನ್ನ ತಾಯ್ನುಡಿಯಲ್ಲಿಯೇ. ಆ ಮಾತು ತಿಳಿಯುವವರೆಗೆ ವೈದ್ಯನ ವಿದ್ಯೆ ಪೂರ್ಣವಾಗದು.

ಈ ಸತ್ಯವನ್ನು ಎಂಟು ದಶಕಗಳಿಗೂ ಹಿಂದೆ ತಮ್ಮ ಬಾಳಿನಿಂದಲೇ ಅರಿತವರು ಡಾ. ದ್ವಾರಕಾನಾಥ ಕೋಟ್ನೀಸರು. ಅವರು ೧೯೧೦ರ ಅಕ್ಟೋಬರ್ ೧೦ರಂದು ಸೊಲ್ಲಾಪುರದಲ್ಲಿ ಜನಿಸಿದರು. ವಚನಕಾರ ಸಿದ್ಧರಾಮನ ಸೊನ್ನಲಿಗೆಯೇ ಈ ಸೊಲ್ಲಾಪುರ. ಕನ್ನಡ, ಮರಾಠಿ, ತೆಲುಗು ಮೂರೂ ಬೀದಿಯಲ್ಲಿ ಬೆರೆಯುವ ಗಡಿನಾಡು. ಕೋಟ್ನೀಸರು ಮುಂಬಯಿಯಲ್ಲಿ ವೈದ್ಯಶಿಕ್ಷಣವನ್ನು ಪಡೆದರು. ೧೯೩೭ರಲ್ಲಿ ಜಪಾನು ಚೀನಾದ ಮೇಲೆ ದಂಡೆತ್ತಿ ಹೋಯಿತು. ಚೀನೀ ಸೇನಾನಿ ಝೂ ದೆ ಅವರು ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ವೈದ್ಯರ ನೆರವನ್ನು ಕೋರಿದರು. ಮರುವರ್ಷ, ಸುಭಾಷಚಂದ್ರ ಬೋಸರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದಾಗ, ಐವರು ವೈದ್ಯರ ತಂಡವು ಚೀನಾಕ್ಕೆ ಹೊರಟಿತು. ೧೯೩೮ರ ಸೆಪ್ಟೆಂಬರಿನಲ್ಲಿ ಹಡಗು ಮುಂಬಯಿಯನ್ನು ಬಿಟ್ಟಾಗ ಕೋಟ್ನೀಸರಿಗೆ ೨೮ ವರ್ಷಗಳು ಇನ್ನೂ ತುಂಬಿರಲಿಲ್ಲ.

ಅವರು ಮೊದಲು ಸೇವೆಗೆ ನಿಂತ ನಗರ ಯಾಂಗ್‌ಟ್ಸಿ ನದಿಯ ತೀರದ ಹಾಂಕೌ. ಇಂದು ಅದು ವುಹಾನ್ ನಗರದ ಒಂದು ಭಾಗ. ಶತ್ರುಸೇನೆ ಸಮೀಪಿಸುತ್ತಿದ್ದುದರಿಂದ ಅಲ್ಲಿ ಹೆಚ್ಚು ಕಾಲ ನಿಲ್ಲಲಾಗಲಿಲ್ಲ. ಆ ಅಕ್ಟೋಬರಿನಲ್ಲಿಯೇ ನಗರವು ಜಪಾನೀಯರ ವಶವಾಯಿತು. ವೈದ್ಯರು ನದಿಯ ಮೇಲುದಿಕ್ಕಿನ ಚುಂಗ್‌ಕಿಂಗ್ ನಗರಕ್ಕೆ ಸಾಗಿದರು. ಐವರಿಗೂ ಚೀನೀ ಹೆಸರುಗಳು ಬಂದವು. ಪ್ರತಿಯೊಂದು ಹೆಸರಿನ ಕೊನೆಯಲ್ಲಿ 'ಹ್ವಾ', ಎಂದರೆ ಚೀನಾ ಎಂಬ ಪದವಿತ್ತು. ಕೋಟ್ನೀಸರು 'ಕೆ ದಿಹ್ವಾ' ಆದರು.

ಹೆಸರು ದೊರೆತ ಮಾತ್ರಕ್ಕೆ ಯಾರೂ ಮನೆಯವರಾಗುವುದಿಲ್ಲ. ಚೀನಾದಲ್ಲಿದ್ದಾಗಲೇ ಕೋಟ್ನೀಸರಿಗೆ ತಂದೆಯ ಮರಣದ ವಾರ್ತೆ ತಲುಪಿತು. ಮನೆಯಲ್ಲಿ ಒಡಹುಟ್ಟಿದವರಿದ್ದರು. ಅವರು ಊರಿಗೆ ಮರಳಿದ್ದರೆ ತಪ್ಪೆನ್ನುವವರು ಯಾರೂ ಇರುತ್ತಿರಲಿಲ್ಲ. ಎದುರಿಗೆ ಗಾಯಾಳುಗಳಿದ್ದರು, ಬೆನ್ನ ಹಿಂದೆ ದುಃಖದಲ್ಲಿದ್ದ ಮನೆಯಿತ್ತು. ಎರಡೂ ಋಣಗಳೇ. ಒಂದನ್ನು ತೀರಿಸಲು ಇನ್ನೊಂದನ್ನು ಬಿಡಬೇಕಾಗಿತ್ತು. ಕೋಟ್ನೀಸರು ಮರಳಲಿಲ್ಲ. ಆ ನಿರ್ಧಾರದ ಭಾರವನ್ನು ಅವರೊಬ್ಬರೇ ಹೊರಲಿಲ್ಲ. ಸೊಲ್ಲಾಪುರದ ಮನೆಯವರೂ ಹೊತ್ತರು.

೧೯೩೯ರ ಫೆಬ್ರವರಿಯಲ್ಲಿ ತಂಡವು ಯೆನಾನ್ ನಗರವನ್ನು ಸೇರಿತು. ವಿಮಾನದಾಳಿಯಿಂದ ಊರು ಹಾಳಾಗಿತ್ತು. ಜನರು ಹಳದಿ ಮಣ್ಣಿನ ಗುಡ್ಡಗಳನ್ನು ಕೊರೆದು ಮಾಡಿದ ಗವಿಮನೆಗಳಲ್ಲಿ ವಾಸಿಸುತ್ತಿದ್ದರು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಸೀಮೆ ಅದು. ಅಲ್ಲಿಯ ನಿತ್ಯದ ಆಹಾರ ನವಣೆ. ಬಯಲುಸೀಮೆಯ ಕನ್ನಡಿಗರು ತಲೆತಲಾಂತರದಿಂದ ಬಲ್ಲ ಈ ನವಣೆಯ ತವರು ಉತ್ತರ ಚೀನಾ ಎಂದು ವಿದ್ವಾಂಸರು ಹೇಳುತ್ತಾರೆ. ಅದು ಎಂದೋ ಇಲ್ಲಿಗೆ ಬಂದು ಇಲ್ಲಿಯ ಧಾನ್ಯವಾಯಿತು. ಇಂದು ರಟ್ಟೀಹಳ್ಳಿಯ ಹೊಲಗಳಲ್ಲಿ ಬೆಳೆಯುವ ಗೋವಿನಜೋಳವೂ ಅಮೆರಿಕ ಖಂಡದಿಂದ ಬಂದುದೇ. ಹೊರಗಿನಿಂದ ಬಂದ ಬೀಜವು ಮಣ್ಣಿಗೆ ಒಗ್ಗಿ ಜನರ ಹಸಿವನ್ನು ತಣಿಸಿದಾಗ ಅದನ್ನು ಯಾರೂ ಪರದೇಶಿಯೆನ್ನುವುದಿಲ್ಲ. ಮನುಷ್ಯನ ವಿಷಯವೂ ಬಹುಮಟ್ಟಿಗೆ ಹಾಗೆಯೇ.

ಮುಂದೆ ಕೋಟ್ನೀಸರು ಹೆಬೇ ಪ್ರಾಂತದ ಗುಡ್ಡಗಾಡಿನ ರಣರಂಗಕ್ಕೆ ಹೋದರು. ಅಲ್ಲಿ ಗಾಯಾಳುಗಳ ಸೇವೆ ಮಾಡುತ್ತ ೧೯೩೯ರಲ್ಲಿ ಮಡಿದ ಕೆನಡಾದ ವೈದ್ಯ ನಾರ್ಮನ್ ಬೆಥೂನರ ಹೆಸರಿನ ಆಸ್ಪತ್ರೆಗೆ ೧೯೪೧ರಲ್ಲಿ ನಿರ್ದೇಶಕರಾದರು. ಅಷ್ಟರಲ್ಲಿ ಚೀನೀ ಭಾಷೆ ಅವರಿಗೆ ಕೈವಶವಾಗಿತ್ತು. ರೋಗಿಯ ನೋವನ್ನು ಅವನ ಮಾತಿನಲ್ಲಿಯೇ ಕೇಳಿದರು. ವಿದ್ಯಾರ್ಥಿಗಳಿಗೆ ಅವರ ಭಾಷೆಯಲ್ಲಿಯೇ ಪಾಠ ಹೇಳಿದರು. ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕದ ರಚನೆಯಲ್ಲಿ ತೊಡಗಿದರು. ಅದೇ ವರ್ಷ ದಾದಿ ಗುವೊ ಚಿಂಗ್ಲಾನ್ ಅವರನ್ನು ವಿವಾಹವಾದರು. ೧೯೪೨ರ ಆಗಸ್ಟಿನಲ್ಲಿ ಹುಟ್ಟಿದ ಮಗನಿಗೆ 'ಇನ್‌ಹ್ವಾ' ಎಂದು ಹೆಸರಾಯಿತು. 'ಇನ್' ಎಂದರೆ ಭಾರತ, 'ಹ್ವಾ' ಎಂದರೆ ಚೀನಾ.

ಮಗುವಿಗೆ ನಾಲ್ಕು ತಿಂಗಳು ತುಂಬುವ ಮುನ್ನವೇ, ೧೯೪೨ರ ಡಿಸೆಂಬರ್ ೯ರಂದು, ಅಪಸ್ಮಾರ ರೋಗದಿಂದ ಕೋಟ್ನೀಸರು ತೀರಿಕೊಂಡರು. ಆಗ ಅವರ ವಯಸ್ಸು ೩೨. ಉಳಿದ ನಾಲ್ವರು ವೈದ್ಯರು ಭಾರತಕ್ಕೆ ಮರಳಿದರು; ಕೋಟ್ನೀಸರು ಚೀನಾದ ಮಣ್ಣಿನಲ್ಲಿ ಉಳಿದರು. ಇಂದು ಷಿಜಿಯಾಝುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ ಅವರ ಸಮಾಧಿಯೂ ಪ್ರತಿಮೆಯೂ ಇವೆ. ಪೂರ್ವಜರ ಸಮಾಧಿಗಳನ್ನು ಗುಡಿಸಿ ಶುಚಿಗೊಳಿಸುವ ಚಿಂಗ್‌ಮಿಂಗ್ ಹಬ್ಬದ ದಿನ ಚೀನೀ ಜನರು ಅಲ್ಲಿಯೂ ಹೂಗಳನ್ನಿರಿಸುತ್ತಾರೆ. ಸೊಲ್ಲಾಪುರದಲ್ಲಿ ಅವರು ಹುಟ್ಟಿದ ಮನೆ ಸ್ಮಾರಕವಾಗಿದೆ.

ಎಲ್ಲರೂ ಕೋಟ್ನೀಸರಂತೆ ಪ್ರಾಣವನ್ನೇ ಒಪ್ಪಿಸಬೇಕಾಗಿಲ್ಲ. ಕಲಿಯಲು ಹೋದವನು ಕಲಿತು ಮರಳುವುದೇ ಯೋಗ್ಯ. ಆದರೆ ಇರುವಷ್ಟು ಕಾಲ ಅವನು ಅಲ್ಲಿ ಹೇಗಿರಬೇಕು ಎಂಬುದಕ್ಕೆ ಅವರ ನಾಲ್ಕು ವರ್ಷಗಳ ಬಾಳು ಉತ್ತರವಾಗಿದೆ. ಪರದೇಶಿಯ ಹೆಸರನ್ನು ನೋಂದಣಿಯ ಪುಸ್ತಕದಲ್ಲಿ ಬರೆಯಲು ಒಂದು ದಿನ ಸಾಕು. ಆ ಹೆಸರನ್ನು ಅಲ್ಲಿಯ ಜನರು ತಮ್ಮವನ ಹೆಸರೆಂದು ನುಡಿಯಬೇಕಾದರೆ ಅವರ ಮಾತನ್ನು ಕಲಿಯಬೇಕು, ಅವರ ಅನ್ನವನ್ನು ಹಂಚಿಕೊಂಡು ಉಣ್ಣಬೇಕು, ಅವರ ಕಷ್ಟದ ಹೊತ್ತಿನಲ್ಲಿ ಬಳಿಯಲ್ಲಿರಬೇಕು.