ಒಂದೇ ಸಮಾಧಿ, ಎರಡು ಶುಕ್ರವಾರ

ಜೆರುಸಲೇಮಿನ ಹಳೆಯ ಕೋಟೆಯನ್ನು ಪೂರ್ವದ ಸಿಂಹದ ಬಾಗಿಲಿನಿಂದ ಹೊಕ್ಕು ಸ್ವಲ್ಪ ದೂರ ನಡೆದರೆ ಎಡಗಡೆ ಒಂದು ಶಾಲೆ ಸಿಗುತ್ತದೆ. ಹೆಸರು ಉಮರಿಯಾ ಶಾಲೆ. ಅರಬ್ ಹುಡುಗರು ಓದುವ, ಎಲ್ಲ ಹಳೆಯ ಶಾಲೆಗಳ ಹಾಗೆ ನಡುವೆ ಅಂಗಳವಿರುವ ಶಾಲೆ. ರೋಮನ್ ಅಧಿಕಾರಿ ಪಿಲಾತ ಏಸುವಿಗೆ ಮರಣದಂಡನೆ ವಿಧಿಸಿದ್ದು ಈ ಜಾಗದಲ್ಲೇ ಎಂಬುದು ಶತಮಾನಗಳ ನಂಬಿಕೆ. ಹೀಗಾಗಿ ಕ್ರೈಸ್ತ ಜಗತ್ತಿನ ಅತ್ಯಂತ ದುಃಖದ ಮೆರವಣಿಗೆ ಹೊರಡುವುದು ಒಂದು ಶಾಲೆಯ ಅಂಗಳದಿಂದ.

ಇಲ್ಲಿಂದ ಸುಮಾರು ಆರುನೂರು ಮೀಟರು ದೂರದ ಕಲ್ಲುಹಾಸಿನ ಓಣಿಗೆ ‘ವಿಯಾ ದೊಲೊರೋಸಾ’, ಅಂದರೆ ಶೋಕದ ಹಾದಿ ಎಂದು ಹೆಸರು. ಏಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯಲು ಹದಿನಾಲ್ಕು ತಾಣಗಳನ್ನು ಗುರುತಿಸಿದ್ದಾರೆ. ಒಂಬತ್ತು ಬೀದಿಯಲ್ಲಿ, ಕೊನೆಯ ಐದು ಪವಿತ್ರ ಸಮಾಧಿಯ ಚರ್ಚಿನ ಒಳಗೆ. ಪಿಲಾತ ಉಳಿದುಕೊಂಡಿದ್ದು ಪಟ್ಟಣದ ಪಶ್ಚಿಮಕ್ಕಿದ್ದ ಹೆರೋದನ ಅರಮನೆಯಲ್ಲಿರಬೇಕು, ಹಾದಿಯೇ ಬೇರೆ ದಿಕ್ಕಿನದು ಎನ್ನುವ ವಿದ್ವಾಂಸರು ಬಹಳ ಮಂದಿ ಇದ್ದಾರೆ. ನಡೆಯುವವರು ಅದನ್ನು ತಲೆಗೆ ಹಚ್ಚಿಕೊಂಡಂತಿಲ್ಲ.

ಕಂದು ನಿಲುವಂಗಿಗೆ ಬಿಳಿ ಹಗ್ಗ ಬಿಗಿದ ಫ್ರಾನ್ಸಿಸ್ಕನ್ ಸನ್ಯಾಸಿಗಳು ವರ್ಷದ ಎಲ್ಲ ಶುಕ್ರವಾರಗಳಲ್ಲೂ ಈ ಹಾದಿ ನಡೆಯುತ್ತಾರೆ. ಶುಭ ಶುಕ್ರವಾರದ ದಿನವಂತೂ ಓಣಿಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಪೋಲೆಂಡಿನವರು, ಇಟಲಿಯವರು, ಫಿಲಿಪೀನ್ಸಿನವರು, ಕೇರಳದವರು, ಒಬ್ಬೊಬ್ಬರದು ಒಂದೊಂದು ಭಾಷೆಯ ಹಾಡು. ಹೆಗಲ ಮೇಲೆ ಮರದ ಶಿಲುಬೆ. ಅದು ಬಾಡಿಗೆಗೂ ಸಿಗುತ್ತದೆ. ಎರಡೂ ಬದಿಯ ಅಂಗಡಿಗಳಲ್ಲಿ ಮಸಾಲೆ, ಸಿಹಿತಿಂಡಿ, ದಾಳಿಂಬೆ ರಸ, ಆಲಿವ್ ಮರದ ಒಂಟೆ. ಅಂಗಡಿಯವರು ಬಹುಪಾಲು ಮುಸಲ್ಮಾನರು. ಅವರಿಗೂ ಶುಕ್ರವಾರ ನಮಾಜಿನ ದಿನ. ಮೆರವಣಿಗೆಯವರೂ ಅಲ್ ಅಕ್ಸಾ ಮಸೀದಿಯಿಂದ ಮರಳುವವರೂ ಒಂದೇ ಓಣಿಯಲ್ಲಿ ಭುಜಕ್ಕೆ ಭುಜ ತಗುಲಿಸಿಕೊಂಡು ಸಾಗಬೇಕು. 2022ರ ಏಪ್ರಿಲ್ 15ರಂದು ಶುಭ ಶುಕ್ರವಾರ, ರಂಜಾನಿನ ಶುಕ್ರವಾರ, ಯಹೂದಿಗಳ ಪಾಸ್ಕ ಹಬ್ಬದ ಮೊದಲ ಸಂಜೆ ಮೂರೂ ಕೂಡಿ ಬಂದವು. ಅಂದು ಬೆಳಗಿನ ಜಾವ ಮಸೀದಿಯ ಆವರಣದಲ್ಲಿ ಘರ್ಷಣೆಯೇ ನಡೆಯಿತು.

ಹಾದಿ ಮುಗಿಯುವ ಚರ್ಚನ್ನು ಮೊದಲ ಬಾರಿ ಕಾಣುವವರಿಗೆ ತುಸು ನಿರಾಸೆಯಾಗಬಹುದು. ದೊಡ್ಡ ಗೋಪುರವಿಲ್ಲ, ವಿಶಾಲ ಮೈದಾನವಿಲ್ಲ. ಚಿಕ್ಕ ಅಂಗಳ; ಎರಡು ಬಾಗಿಲುಗಳಲ್ಲಿ ಒಂದನ್ನು ಕಲ್ಲಿಟ್ಟು ಮುಚ್ಚಿ ಎಷ್ಟೋ ಶತಮಾನವಾಯಿತು. ಕಾನ್‌ಸ್ಟಂಟೈನ್ ಚಕ್ರವರ್ತಿ ಕಟ್ಟಿಸಿದ ಮೂಲ ಚರ್ಚಿನ ಪ್ರತಿಷ್ಠಾಪನೆ ನಡೆದದ್ದು ಕ್ರಿ.ಶ. 335ರಲ್ಲಿ. 1009ರಲ್ಲಿ ಫಾತಿಮಿ ಖಲೀಫ ಅಲ್ ಹಾಕಿಮ್ ಅದನ್ನು ಕೆಡವಿಸಿದ. ಆಮೇಲೆ ಮತ್ತೆ ಕಟ್ಟಿದರು, ಸುಟ್ಟುಹೋಯಿತು, ಮತ್ತೆ ಕಟ್ಟಿದರು. ಏಸುವಿನ ದೇಹವಿಟ್ಟ ಸಮಾಧಿಯೆಂದು ನಂಬುವ ಬಂಡೆಯೂ, ಶಿಲುಬೆ ನೆಟ್ಟ ಗೊಲ್ಗೊಥಾ ಗುಡ್ಡವೂ ಈ ಒಂದೇ ಸೂರಿನಡಿ ಇವೆ. 2016ರಲ್ಲಿ ಅಥೆನ್ಸಿನ ತಾಂತ್ರಿಕ ವಿಶ್ವವಿದ್ಯಾಲಯದ ತಜ್ಞರು ಸಮಾಧಿಯ ಮೇಲಿನ ಅಮೃತಶಿಲೆಯ ಹಲಗೆ ಸರಿಸಿ ನೋಡಿದರು. ಕೆಳಗಿನ ಗಾರೆ ನಾಲ್ಕನೆಯ ಶತಮಾನದ್ದೆಂದು ಪರೀಕ್ಷೆಯಲ್ಲಿ ಖಚಿತವಾಯಿತು. ಒಳಗೆ ಮಲಗಿದ್ದವರು ಯಾರೆಂಬುದನ್ನು ಗಾರೆ ಹೇಳುವುದಿಲ್ಲ. ಜನ ಹದಿನೇಳು ಶತಮಾನದಿಂದ ಈ ಜಾಗವನ್ನೇ ನಂಬಿ ಬರುತ್ತಿದ್ದಾರೆ ಎಂಬುದಂತೂ ಖಂಡಿತ.

ಈ ಕಟ್ಟಡಕ್ಕೆ ಆರು ಪಂಗಡಗಳು ಪಾಲುದಾರರು: ಗ್ರೀಕ್ ಆರ್ಥೊಡಾಕ್ಸ್, ರೋಮನ್ ಕ್ಯಾಥೋಲಿಕ್, ಆರ್ಮೇನಿಯನ್, ಕಾಪ್ಟಿಕ್, ಸಿರಿಯನ್, ಇಥಿಯೋಪಿಯನ್. ಯಾವ ಕಂಬ ಯಾರದು, ಯಾವ ಮೆಟ್ಟಿಲನ್ನು ಯಾರು ಗುಡಿಸಬೇಕು, ಎಲ್ಲಕ್ಕೂ ಲೆಕ್ಕವಿದೆ. ಇದ್ದದ್ದು ಇದ್ದ ಹಾಗೇ ಇರಲಿ ಎಂದು 1757ರಲ್ಲೂ 1852ರಲ್ಲೂ ತುರ್ಕಿ ಸುಲ್ತಾನರು ಹೊರಡಿಸಿದ ಫರ್ಮಾನು ಇಂದಿಗೂ ಕಾನೂನಿನ ಹಾಗೆ ನಡೆಯುತ್ತಿದೆ. ಮುಂಬಾಗಿಲ ಮೇಲಿನ ಕಿಟಕಿಗೆ ಯಾರೋ ಒರಗಿಸಿಟ್ಟ ಏಣಿಯನ್ನು ತೆಗೆಯುವ ಹಕ್ಕು ಯಾರದೆಂದು ತೀರ್ಮಾನವಾಗದೆ, ಅದು ಹದಿನೆಂಟನೆಯ ಶತಮಾನದಿಂದ ಅಲ್ಲೇ ಇದೆ. 2002ರ ಬೇಸಿಗೆಯಲ್ಲಿ ಕಾಪ್ಟಿಕ್ ಸನ್ಯಾಸಿಯೊಬ್ಬರು ಚಾವಣಿಯ ಮೇಲೆ ತಮ್ಮ ಕುರ್ಚಿಯನ್ನು ಬಿಸಿಲಿನಿಂದ ನೆರಳಿಗೆ ಸರಿಸಿದರು. ಇಥಿಯೋಪಿಯದವರು ಆಕ್ಷೇಪಿಸಿದರು. ಕೊನೆಗೆ ಹನ್ನೊಂದು ಮಂದಿ ಆಸ್ಪತ್ರೆ ಸೇರಿದರು. ಬಾಗಿಲ ಬೀಗದ ಕೈ ಮಾತ್ರ ಇವರಾರ ಬಳಿಯೂ ಇಲ್ಲ. ಅದನ್ನು ಜೂದೆ ಎಂಬ ಮುಸ್ಲಿಂ ಮನೆತನ ಕಾಯುತ್ತದೆ. ನುಸೈಬೆ ಎಂಬ ಇನ್ನೊಂದು ಮುಸ್ಲಿಂ ಮನೆತನದವರು ಬಂದು ಪುಟ್ಟ ಏಣಿ ಹತ್ತಿ ಬೀಗ ತೆಗೆಯುತ್ತಾರೆ.

ಶುಭ ಶುಕ್ರವಾರದ ರಾತ್ರಿ ಕ್ಯಾಥೋಲಿಕರು ಇಲ್ಲಿ ಏಸುವಿನ ಅಂತ್ಯಕ್ರಿಯೆ ನಡೆಸುತ್ತಾರೆ. ಗೊಲ್ಗೊಥಾದ ಮೇಲೆ ಶಿಲುಬೆಗೇರಿಸಿದ ಮರದ ಮೂರ್ತಿಯ ಮುಳ್ಳಿನ ಕಿರೀಟ ತೆಗೆದು, ಮೊಳೆಗಳನ್ನು ಒಂದೊಂದಾಗಿ ಕಿತ್ತು, ಬಿಳಿ ಬಟ್ಟೆಯಲ್ಲಿ ಕೆಳಗೆ ತಂದು, ಬಾಗಿಲ ಎದುರಿನ ಕೆಂಪು ಕಲ್ಲಿನ ಮೇಲೆ ಮಲಗಿಸಿ ಸುಗಂಧ ತೈಲ ಹಚ್ಚುತ್ತಾರೆ. ಆಮೇಲೆ ಸಮಾಧಿಯೊಳಗೆ ಇಡುತ್ತಾರೆ. ಮನೆಯಲ್ಲಿ ಸಾವು ಕಂಡವರಿಗೆ ಈ ಕ್ರಿಯೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ದಿನ ಕ್ಯಾಥೋಲಿಕರ ಗಂಟೆ ಬಾರಿಸುವುದಿಲ್ಲ. ಮಂಗಳೂರಿನ ಇಗರ್ಜಿಗಳಲ್ಲೂ ಹಾಗೆಯೇ.

ಆದರೆ ಅದೇ ಸೂರಿನಡಿ, ಹತ್ತು ಹೆಜ್ಜೆ ಆಚೆ, ಗ್ರೀಕರಿಗೂ ಆರ್ಮೇನಿಯನ್ನರಿಗೂ ಅಂದು ಸಾಮಾನ್ಯವಾಗಿ ಶುಭ ಶುಕ್ರವಾರವೇ ಅಲ್ಲ! ಅವರದು ಮುಂದಿನ ವಾರ, ಇಲ್ಲವೇ ಮುಂದಿನ ತಿಂಗಳು. 2024ರಲ್ಲಿ ಕ್ಯಾಥೋಲಿಕರು ಮಾರ್ಚ್ 29ರಂದು ಶೋಕ ಆಚರಿಸಿದರೆ ಆರ್ಥೊಡಾಕ್ಸರು ಆಚರಿಸಿದ್ದು ಮೇ 3ರಂದು. ಒಂದೇ ಸಾವು, ಒಂದೇ ಸಮಾಧಿ, ನಡುವೆ ಐದು ವಾರ.

ಸ್ಮಾರ್ತರ ಏಕಾದಶಿ ಇಂದು, ವೈಷ್ಣವರದು ನಾಳೆ ಎಂಬುದನ್ನು ಬಲ್ಲ ನಮಗೆ, ಚಾಂದ್ರಮಾನ ಯುಗಾದಿಯಾದ ಮೇಲೆ ಕರಾವಳಿಯಲ್ಲಿ ಬಿಸು ಬರುವುದನ್ನು ಕಂಡ ನಮಗೆ ಇದೇನೂ ಒಗಟಲ್ಲ. ವಸಂತ ವಿಷುವದ ನಂತರದ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರ ಈಸ್ಟರ್. ಅದರ ಹಿಂದಿನ ಶುಕ್ರವಾರವೇ ಶುಭ ಶುಕ್ರವಾರ. ಸೂತ್ರ ಎರಡೂ ಕಡೆಯವರದು ಒಂದೇ, ಪಂಚಾಂಗ ಬೇರೆ. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗೊರಿ ಕ್ಯಾಲೆಂಡರ್ ತಿದ್ದಿಸಿದರು. ಪೂರ್ವದ ಚರ್ಚುಗಳು ಹಬ್ಬದ ಲೆಕ್ಕಕ್ಕೆ ಹಳೆಯ ಜೂಲಿಯನ್ ಪಂಚಾಂಗವನ್ನೇ ಇಟ್ಟುಕೊಂಡವು. ಅದರ ಮಾರ್ಚ್ 21 ಬರುವ ಹೊತ್ತಿಗೆ ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ 3 ಆಗಿರುತ್ತದೆ. ನಡುವೆ ಬಂದುಹೋದ ಹುಣ್ಣಿಮೆ ಲೆಕ್ಕಕ್ಕಿಲ್ಲ, ಮುಂದಿನದಕ್ಕೆ ಕಾಯಬೇಕು. ಸಾಲದ್ದಕ್ಕೆ ಅವರ ಕೋಷ್ಟಕದ ಹುಣ್ಣಿಮೆ ಆಕಾಶದ ಹುಣ್ಣಿಮೆಗಿಂತ ನಾಲ್ಕೈದು ದಿನ ಹಿಂದೆ ಬಿದ್ದಿದೆ.

ಹುಣ್ಣಿಮೆಯ ಮಾತು ಬಂದಾಗ ಇನ್ನೊಂದು ಸಂಗತಿ. ಏಸು ಸತ್ತ ದಿನ ನಡುಹಗಲಲ್ಲಿ ಮೂರು ಗಂಟೆ ಕತ್ತಲು ಕವಿಯಿತೆಂದು ಸುವಾರ್ತೆಗಳು ಹೇಳುತ್ತವೆ. ಅದು ಸೂರ್ಯಗ್ರಹಣವಿರಬಹುದೆ? ಸಾಧ್ಯವಿಲ್ಲ. ಪಾಸ್ಕ ಬರುವುದು ಹುಣ್ಣಿಮೆಗೆ, ಸೂರ್ಯಗ್ರಹಣ ಅಮಾವಾಸ್ಯೆಗೆ. ಅದೂ ಪೂರ್ಣಗ್ರಹಣದ ಕತ್ತಲು ಎಂಟು ನಿಮಿಷವನ್ನೂ ಮುಟ್ಟುವುದಿಲ್ಲ. ಆದರೆ ಕ್ರಿ.ಶ. 33ರ ಏಪ್ರಿಲ್ 3, ಶುಕ್ರವಾರ, ಜೆರುಸಲೇಮಿನಲ್ಲಿ ಚಂದ್ರ ಗ್ರಹಣ ಹಿಡಿದೇ ಉದಯಿಸಿತ್ತೆಂದು ಹಂಫ್ರೀಸ್ ಮತ್ತು ವಾಡಿಂಗ್ಟನ್ ಎಂಬ ವಿಜ್ಞಾನಿಗಳು 1983ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ದಿನವೇ ಶಿಲುಬೆಯ ದಿನವೆಂಬುದು ಅವರ ವಾದ. ಕ್ರಿ.ಶ. 30ರ ಏಪ್ರಿಲ್ 7 ಎನ್ನುವವರೂ ಇದ್ದಾರೆ.

ವಿಮಾನ ಹತ್ತಿ ಬಂದ ಯಾತ್ರಿಕರಿಗೆ ಎರಡು ಶುಕ್ರವಾರಗಳಿಂದ ತೊಂದರೆಯೇನಿಲ್ಲ. ತಮ್ಮದನ್ನು ಆಚರಿಸಿ ಹೊರಟುಹೋಗುತ್ತಾರೆ. ಪೇಚಾಟವೆಲ್ಲ ಊರವರದು. ಇಲ್ಲಿನ ಅರಬ್ ಕ್ರೈಸ್ತರಲ್ಲಿ ಕೊಡುಕೊಳ್ಳುವ ಸಂಬಂಧ ಪಂಗಡ ನೋಡಿ ನಿಂತಿಲ್ಲ. ಅತ್ತೆ ಆರ್ಥೊಡಾಕ್ಸ್, ಸೊಸೆ ಕ್ಯಾಥೋಲಿಕ್ ಆಗಿರುವ ಮನೆಗಳು ಬೇಕಾದಷ್ಟು. ಹಬ್ಬದ ವಾರದಲ್ಲಿ ಹೆಂಗಸರು ಖರ್ಜೂರ ತುಂಬಿ ಬಳೆಯಾಕಾರದ ‘ಕಾಕ್’, ಅದರ ಜತೆಗೆ ರವೆಯ ‘ಮಾಮೂಲ್’ ಮಾಡುತ್ತಾರೆ. ಬಳೆ ಮುಳ್ಳಿನ ಕಿರೀಟದ ಗುರುತಂತೆ. ಮಾಮೂಲ್, ಏಸುವಿಗೆ ಹುಳಿರಸ ಅದ್ದಿ ಕೊಟ್ಟ ಸ್ಪಂಜಿನ ಗುರುತಂತೆ. ಬಾಣಲೆ, ಅಚ್ಚು, ಹಿಟ್ಟು ಒಂದೇ. ಒಬ್ಬಾಕೆಯ ಉಪವಾಸ ಮುಗಿದು ಹಬ್ಬದ ಸಿಹಿ ತಟ್ಟೆಗೆ ಬಂದಾಗ ಇನ್ನೊಬ್ಬಾಕೆಯ ಉಪವಾಸ ಇನ್ನೂ ನಡೆದಿರುತ್ತದೆ.

ಹಳ್ಳಿಗಳವರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಪಶ್ಚಿಮ ದಂಡೆಯ ಹಲವು ಊರುಗಳಲ್ಲೂ ಜೋರ್ಡನ್ನಿನಲ್ಲೂ ಕ್ಯಾಥೋಲಿಕರು ರೋಮಿನ ತಾರೀಖು ಬಿಟ್ಟು ಆರ್ಥೊಡಾಕ್ಸರ ಜತೆಗೇ ಶುಭ ಶುಕ್ರವಾರ, ಈಸ್ಟರ್ ಆಚರಿಸುತ್ತಾರೆ. ಜೋರ್ಡನ್ನಿನ ಆರ್ಥೊಡಾಕ್ಸರು ಕ್ರಿಸ್ಮಸ್ಸನ್ನು ಡಿಸೆಂಬರ್ 25ಕ್ಕೆ ತಂದುಕೊಂಡರು. ಕೊಟ್ಟು ತೆಗೆದುಕೊಂಡ ಲೆಕ್ಕ. ಜೆರುಸಲೇಮಿಗೂ ಬೆತ್ಲೆಹೇಮಿಗೂ ಮಾತ್ರ ಈ ಏರ್ಪಾಡಿಲ್ಲ. ಹೊರಗಿನ ಯಾತ್ರಿಕರಿಗಾಗಿ ಅಲ್ಲಿ ರೋಮಿನ ತಾರೀಖೇ ಉಳಿದಿದೆ. ಸಮಾಧಿಗೆ ಎಲ್ಲರಿಗಿಂತ ಹತ್ತಿರವಿರುವವರು ತಮ್ಮ ನೆಂಟರೊಡನೆ ಕೂಡಿ ಅಳುವ ಹಾಗಿಲ್ಲ.

ಅಳುವವರೂ ಕಡಿಮೆಯಾಗುತ್ತಿದ್ದಾರೆ. 1940ರ ದಶಕದಲ್ಲಿ ಸುಮಾರು ಮೂವತ್ತು ಸಾವಿರವಿದ್ದ ಜೆರುಸಲೇಮಿನ ಕ್ರೈಸ್ತರು ಈಗ ಸುಮಾರು ಅದರ ಅರ್ಧದಷ್ಟೇ ಇದ್ದಾರೆ. ನಗರದ ಜನಸಂಖ್ಯೆಯಾದರೋ ಹತ್ತು ಲಕ್ಷಕ್ಕೆ ಬಂದಿದೆ. ಬೆತ್ಲೆಹೇಮ್ ಇಲ್ಲಿಂದ ಹತ್ತು ಕಿಲೋಮೀಟರೂ ಇಲ್ಲ, ಆದರೆ ಅಲ್ಲಿನ ಕ್ರೈಸ್ತ ಶೋಕದ ಹಾದಿಯಲ್ಲಿ ನಡೆಯಬೇಕಾದರೆ ಇಸ್ರೇಲಿನ ಪರವಾನಗಿ ಚೀಟಿ ಬೇಕು. ಒಂದೇ ಮನೆಯಲ್ಲಿ ಕೆಲವರಿಗೆ ಸಿಕ್ಕು ಕೆಲವರಿಗೆ ಸಿಗದೆ ಹೋಗುವುದೂ ಉಂಟು. 2020ರ ಏಪ್ರಿಲ್ 10ರಂದು ಯಾವ ಚೀಟಿಯೂ ಕೆಲಸಕ್ಕೆ ಬರಲಿಲ್ಲ. ಕೊರೋನಾದಿಂದ ಚರ್ಚಿನ ಬಾಗಿಲು ಮುಚ್ಚಿತ್ತು. ಬೆರಳೆಣಿಕೆಯ ಸನ್ಯಾಸಿಗಳಷ್ಟೇ ಖಾಲಿ ಓಣಿಯಲ್ಲಿ ನಡೆದರು.

ದಿನ ಒಂದಾಗಲಿ ಎಂಬ ಪ್ರಯತ್ನ ನಡೆಯದೆ ಇಲ್ಲ. 1997ರಲ್ಲಿ ಸಿರಿಯಾದ ಅಲೆಪ್ಪೊದಲ್ಲಿ ವಿವಿಧ ಚರ್ಚುಗಳ ಪ್ರತಿನಿಧಿಗಳು ಸೇರಿ ಒಂದು ಸಲಹೆ ಮುಂದಿಟ್ಟರು. ಹಳೆಯ ಕೋಷ್ಟಕಗಳನ್ನು ಬದಿಗಿಟ್ಟು, ಜೆರುಸಲೇಮಿನ ರೇಖಾಂಶವನ್ನು ಹಿಡಿದು, ವಿಷುವ ಮತ್ತು ಹುಣ್ಣಿಮೆಗಳನ್ನು ಖಗೋಳಶಾಸ್ತ್ರದಿಂದಲೇ ನಿಖರವಾಗಿ ಗುಣಿಸೋಣ ಎಂದರು. ಗಣಿತಕ್ಕೆ ಅರ್ಧ ದಿನದ ಕೆಲಸ. 2001ರಿಂದ ಜಾರಿಗೆ ತರುವ ಆಸೆಯಿತ್ತು, ಆಗಲಿಲ್ಲ.

ಕೆಲವು ವರ್ಷ ಎರಡು ಪಂಚಾಂಗಗಳೂ ತಾವಾಗಿಯೇ ಕೂಡುತ್ತವೆ. 2025ರಲ್ಲಿ ಎಲ್ಲರ ಶುಭ ಶುಕ್ರವಾರವೂ ಏಪ್ರಿಲ್ 18ಕ್ಕೆ ಬಿತ್ತು. ಸಂತೋಷದ ವಿಷಯವೇ, ಆದರೆ ಚರ್ಚಿನ ವೇಳಾಪಟ್ಟಿ ನೋಡುವವರ ತಲೆಬಿಸಿ ಏರುವುದು ಇಂಥ ವರ್ಷಗಳಲ್ಲೇ. ಯಾರು ಎಷ್ಟು ಹೊತ್ತಿಗೆ ಸಮಾಧಿಯ ಮುಂದೆ ನಿಲ್ಲಬೇಕು, ಯಾರ ಮೆರವಣಿಗೆ ಮುಗಿದ ಮೇಲೆ ಯಾರದು ಹೊರಡಬೇಕು ಎಂಬುದನ್ನೆಲ್ಲ ಕೂತು ಗೊತ್ತುಮಾಡಬೇಕು. ಮುಂದಿನ ಬಾರಿ ದಿನ ಕೂಡುವುದು 2028ರ ಏಪ್ರಿಲ್ 14ಕ್ಕೆ. ಅಂದೂ ಅವರೆಲ್ಲರೂ ಒಳಗೆ ಬರಬೇಕಾದ್ದು ತೆರೆದಿರುವ ಆ ಒಂದೇ ಬಾಗಿಲಿನಿಂದ.