ಮುಚ್ಚಳ ಮಾರುವವರ ಅಡುಗೆ ಪುಸ್ತಕ

ಪುಣೆಗೆ ಬಂದ ಹೊಸದರಲ್ಲಿ ನನಗೆ ಅನ್ನ ಮಾಡಲು ಕಲಿಸಿದ್ದು ಅಮ್ಮನಲ್ಲ, ಕುಕ್ಕರ್ ಡಬ್ಬಿಯೊಳಗಿದ್ದ ಪುಸ್ತಕ. ಅಕ್ಕಿಗೆ ಎಷ್ಟು ನೀರು, ಬೇಳೆಗೆ ಎಷ್ಟು ನಿಮಿಷ ಎಂದು ಹೇಳುತ್ತಲೇ, ನಮ್ಮ ಕಂಪನಿಯ ಗ್ಯಾಸ್ಕೆಟ್ಟನ್ನೇ ಕೊಳ್ಳಿ ಎಂದು ನಡುನಡುವೆ ನೆನಪಿಸುತ್ತಿತ್ತು. ಅಂದಿನಿಂದ ಈ ಜಾತಿಯ ಪುಸ್ತಕಗಳ ಮೇಲೆ ನನಗೊಂದು ಪ್ರೀತಿ. ಅವುಗಳ ಅಜ್ಜಿಯರು ಅಮೆರಿಕದಲ್ಲಿದ್ದಾರೆ. ಈಗ ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಕೂತಿದ್ದಾರೆ. ನಿದ್ದೆ ಬಾರದ ರಾತ್ರಿಗಳಲ್ಲಿ ನಾನು ಓದುವುದು ಅವನ್ನೇ.

ಜಾನ್ ಮೇಸನ್ ಎಂಬಾತ ತಿರುಪು ಮುಚ್ಚಳದ ಗಾಜಿನ ಜಾಡಿಗೆ ಪೇಟೆಂಟ್ ಪಡೆದದ್ದು 1858ರಲ್ಲಿ. ಆಮೇಲೆ ಇಂಡಿಯಾನಾದ ಮನ್ಸಿ ಊರಿನಲ್ಲಿ ಬಾಲ್ ಸಹೋದರರು ಅಂಥ ಜಾಡಿಗಳನ್ನು ಲಕ್ಷಗಟ್ಟಲೆ ಮಾಡತೊಡಗಿದರು. ಜಾಡಿ ಮಾರಿದರೆ ಸಾಕೇ? ಅದರಲ್ಲಿ ಏನು ತುಂಬಬೇಕೆಂದೂ ಹೇಳಬೇಕಲ್ಲ. ಹಾಗೆ 1909ರಲ್ಲಿ ಶುರುವಾದದ್ದು 'ಬಾಲ್ ಬ್ಲೂ ಬುಕ್'. ಪೀಚ್, ಟೊಮೆಟೊ, ಹುರುಳಿಕಾಯಿ, ಮಾಂಸ ಎಲ್ಲವನ್ನೂ ಚಳಿಗಾಲಕ್ಕೆ ಜಾಡಿಯಲ್ಲಿ ಬಂಧಿಸುವ ವಿಧಾನಗಳು ಅದರಲ್ಲಿ. ಜಾಡಿಯೇನೋ ವರ್ಷಗಟ್ಟಲೆ ಬಾಳುತ್ತದೆ. ರಬ್ಬರ್ ಉಂಗುರವನ್ನು ಮಾತ್ರ ಪ್ರತಿ ಸಲ ಹೊಸದಾಗಿ ಕೊಳ್ಳಬೇಕು! ವ್ಯಾಪಾರ ಇರುವುದು ಅಲ್ಲೇ.

ಜೆಲ್-ಓ ಕಂಪನಿಯವರೂ ಪಾಕಪುಸ್ತಕಗಳನ್ನು ಪುಕ್ಕಟೆ ಹಂಚಿದರು. ಅವರ ಜಾಹೀರಾತಿಗೆ ನಾರ್ಮನ್ ರಾಕ್‌ವೆಲ್‌ನಂಥ ಕಲಾವಿದರು ಚಿತ್ರ ಬರೆದರು. ನೋಡಲು ಅವೇ ಚೆಂದ, ಒಪ್ಪುತ್ತೇನೆ. ಆದರೆ ಜಾಡಿ ಪುಸ್ತಕಗಳಲ್ಲಿ ಕಾಲ ಕಾಣಿಸುತ್ತದೆ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಅಲ್ಲಿ ಸಕ್ಕರೆಗೆ ರೇಷನ್ ಬಂತು. ಹಣ್ಣು ಜಾಡಿಗೆ ಹಾಕುವವರಿಗೆ ಮಾತ್ರ ಹೆಚ್ಚುವರಿ ಸಕ್ಕರೆ.

ಈ ಹುಚ್ಚು ಸಾಗರದ ನಮ್ಮ ಚಿಕ್ಕಮ್ಮನಿಗೂ ಹತ್ತಿತು, ಹತ್ತಿಸಿದವನು ನಾನೇ. ಹೋದ ವರ್ಷ ಫೋನ್ ಮಾಡಿದಳು. ಮಗ ಚೆನ್ನೈ ಹಾಸ್ಟೆಲಿನಲ್ಲಿ ಊಟ ಸೇರದೆ ಸೊರಗುತ್ತಿದ್ದಾನೆ, ಹುರುಳಿಕಾಯಿ ಹುಳಿಯನ್ನು ಬಾಟಲಿಗೆ ತುಂಬಿ ಕುದಿಸಿ ತಿಂಗಳಿಗಾಗುವಷ್ಟು ಕಳಿಸಲೇ ಎಂದು.

"ಬೇಡ" ಎಂದೆ.

"ಪುಸ್ತಕದಲ್ಲೇ ಇದೆಯಲ್ಲೋ. ಮೂರು ಗಂಟೆ ಕುದಿಸಿದ ಮೇಲೂ ಸಾಯದ್ದು ಎಂಥದ್ದೋ ಮಾರಾಯ?"

ಇದೆ, ನಿಜ. 1930ರ ದಶಕದ ಪುಸ್ತಕಗಳಲ್ಲಿ ಹುರುಳಿಕಾಯಿಗೆ ನೀರಿನಲ್ಲಿ ಸುಮಾರು ಮೂರು ಗಂಟೆ ಕುದಿಸುವ ಲೆಕ್ಕವೂ ಇದೆ. ಪ್ರೆಶರ್ ಕ್ಯಾನರ್ ಬೇಕೇ ಬೇಕು ಎಂದು ಅಮೆರಿಕದ ಕೃಷಿ ಇಲಾಖೆ ಅಷ್ಟರಲ್ಲಾಗಲೇ ಹೇಳುತ್ತಿತ್ತು. ಆದರೆ ಅದಿಲ್ಲದ ಮನೆಯವರೂ ಜಾಡಿ ಕೊಳ್ಳಬೇಕಲ್ಲ! ಬಾಟುಲಿಸಮ್ ತರುವ ಬ್ಯಾಕ್ಟೀರಿಯಾದ ಬೀಜಕಣಗಳು 100 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬದುಕುತ್ತವೆ. ಅವಕ್ಕೆ ಸುಮಾರು 116 ಡಿಗ್ರಿಯಾದರೂ ಬೇಕು, ಒತ್ತಡವಿಲ್ಲದೆ ನೀರು ಅಷ್ಟು ಕಾಯುವುದಿಲ್ಲ. ಬೆಂಗಳೂರಿನ ಎತ್ತರದಲ್ಲಂತೂ 97ರ ಹೊತ್ತಿಗೇ ಕುದಿದುಬಿಡುತ್ತದೆ. ಗಾಳಿಯಾಡದ, ಹುಳಿ ಕಡಿಮೆಯಿರುವ ಜಾಡಿಯೊಳಗೆ ಆ ಕಣಗಳು ಎದ್ದು ವಿಷ ಕಾರುತ್ತವೆ. ವಾಸನೆ, ರುಚಿ ಕೆಡದೆಯೂ ಇರಬಹುದು. ತಿಂದವರ ಕಣ್ಣು ಮಂಜಾಗಿ, ನಾಲಿಗೆ ತೊದಲಿ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ.

"ಹುಣಸೆಹುಳಿ ಹಾಕ್ತೀನಲ್ಲ?"

ಹಾಕುತ್ತಾಳೆ, ಕಣ್ಣಂದಾಜಿನಲ್ಲಿ. ಲೆಕ್ಕ ಬೇಕಾದದ್ದು ಪಿಎಚ್ 4.6ಕ್ಕಿಂತ ಕೆಳಗಿದೆಯೇ ಎಂದು, ಅದನ್ನು ನಾಲಿಗೆ ಹೇಳಲಾರದು. ಬೇಳೆ, ತರಕಾರಿ ಸೇರಿದ ಹುಳಿಯನ್ನಂತೂ ನಂಬುವ ಹಾಗಿಲ್ಲ. ಮನೆಯ ಕುಕ್ಕರಿನಲ್ಲಿ ಕೂಗಿಸಿದರೂ ಆಗದು. ಅದು ಬೇಗ ಕಾದು ಬೇಗ ಆರುವ ಪುಟ್ಟ ಪಾತ್ರೆ, ಕ್ಯಾನರಿನ ಕೋಷ್ಟಕ ಅದಕ್ಕೆ ಹೊಂದುವುದಿಲ್ಲ.

ಹಳೆಯದೆಲ್ಲ ಅನುಭವ, ಅನುಭವವೆಲ್ಲ ಸತ್ಯ ಎಂಬ ಮಾತು ನಮ್ಮಂಥ ಊರು ಬಿಟ್ಟವರ ಬಾಯಲ್ಲಿ ಹೆಚ್ಚು. ಆ ಮೂರು ಗಂಟೆಯ ಪಾಠವೂ ಎಷ್ಟೋ ಅಜ್ಜಿಯರ ಅನುಭವವೇ. ಬಹುಪಾಲು ಜಾಡಿಗಳಿಂದ ಏನೂ ಆಗಲಿಲ್ಲ, ಅದಕ್ಕೇ ಅದು ಅಷ್ಟು ಕಾಲ ಉಳಿಯಿತು.

ಅವಳ ಅಪ್ಪೆಮಿಡಿ ಉಪ್ಪಿನಕಾಯಿ ಬೇರೆ ಮಾತು. ಮಿಡಿಯದೇ ಹುಳಿ, ಮೇಲೆ ಧಾರಾಳ ಉಪ್ಪು. ಕುದಿಸುವುದೂ ಇಲ್ಲ, ಗಾಳಿ ತೆಗೆಯುವುದೂ ಇಲ್ಲ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿದರಾಯಿತು. ಅದರಲ್ಲಿ ಕೈ ಎಷ್ಟೋ ಸಲ ಹೆಚ್ಚುಕಡಿಮೆಯಾದರೂ ನಡೆಯುತ್ತದೆ.

ಚಿಕ್ಕಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಕೊರಿಯರ್ ರಸೀದಿಯ ಫೋಟೋ ಬಂತು: ಚಟ್ನಿಪುಡಿ ಎರಡು ಕೆಜಿ, ಸಾರಿನ ಪುಡಿ ಒಂದು, ಮಿಡಿ ಒಂದು ಡಬ್ಬಿ. ಕೆಳಗೆ ಒಂದು ಸಾಲು: "ಬೇಳೆ ಬೇಯಿಸೋಕೆ ಅವನಿಗೆ ನೀನೇ ಹೇಳಿಕೊಡು."