ಪೇಟೆಯ ರಸಿಕರಿಗೆ ಬರೋಕ್ ಸಂಗೀತ

ಯುರೋಪಿನ ಸಂಗೀತ ಚರಿತ್ರೆಯಲ್ಲಿ ಸುಮಾರು 1600ರಿಂದ 1750ರವರೆಗಿನ ಕಾಲವನ್ನು ಬರೋಕ್ ಯುಗವೆಂದು ಕರೆಯುವುದು ರೂಢಿ. ಫ್ಲಾರೆನ್ಸ್ ನಗರದಲ್ಲಿ ಯಾಕೊಪೊ ಪೆರಿಯ ‘ಯೂರಿಡಿಚೆ’ ಎಂಬ ಗೀತನಾಟಕ 1600ರಲ್ಲಿ ರಂಗವೇರಿದ್ದು ಅದರ ಮೊದಲ ಗಡಿಗಲ್ಲಾದರೆ, ಲೈಪ್‌ಜಿಗ್‌ನಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ 1750ರಲ್ಲಿ ತೀರಿಕೊಂಡದ್ದು ಅದರ ಕೊನೆಯ ಗಡಿಗಲ್ಲು. ಇದೇ ಒಂದೂವರೆ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರು ಪೇಟೆ 1638ರಲ್ಲಿ ಬಿಜಾಪುರದ ಸೇನೆಗೆ ವಶವಾಗಿ, ಶಹಾಜಿಯ ಜಹಗೀರಾಗಿ, ಕೆಲಕಾಲ ಮೊಗಲರ ಕೈಯಲ್ಲಿದ್ದು, ಶತಮಾನ ಮುಗಿಯುವ ಮೊದಲೇ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಸೇರಿತು. ಶಹಾಜಿಯ ಮಗ ಏಕೋಜಿ ಈ ಬೆಂಗಳೂರಿನಿಂದಲೇ ದಕ್ಷಿಣಕ್ಕೆ ನಡೆದು ತಂಜಾವೂರಿನಲ್ಲಿ ಮರಾಠ ಅರಸೊತ್ತಿಗೆಯನ್ನು ಸ್ಥಾಪಿಸಿದ. ಅವನ ಮಗ ತುಳಜ ಮುಂದೆ ‘ಸಂಗೀತ ಸಾರಾಮೃತ’ವೆಂಬ ಲಕ್ಷಣಗ್ರಂಥವನ್ನು ಬರೆದ. ಮೈಸೂರಿನಲ್ಲಿ ಚಿಕ್ಕದೇವರಾಜರ ಹೆಸರಿನಲ್ಲಿ ‘ಗೀತಗೋಪಾಲ’ ಎಂಬ ಹಾಡುಗಬ್ಬ ಹುಟ್ಟಿತು. ಸುಳಾದಿಗಳಿಗೆ ಹೆಸರಾದ ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ ಹುಟ್ಟಿದ್ದು 1682ರಲ್ಲಿ; ಬಾಖ್ ಹುಟ್ಟಿದ್ದು 1685ರಲ್ಲಿ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲಾರದ ಈ ಇಬ್ಬರೂ ಸಮಕಾಲೀನರು.

ಈ ಸಮಕಾಲೀನತೆ ಆಕಸ್ಮಿಕವಾದದ್ದೇ ಆದರೂ ಕೇಳುಗರಿಗೆ ಅದರಿಂದ ಒದಗುವ ಅನುಕೂಲ ದೊಡ್ಡದು. ನಗರ್ತಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಹಗಲೆಲ್ಲ ಬಟ್ಟೆಯ ವ್ಯಾಪಾರ ಮುಗಿಸಿ, ಸಂಜೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ 1939ರಲ್ಲಿ ಸ್ಥಾಪನೆಯಾದ ಶ್ರೀರಾಮಸೇವಾ ಮಂಡಳಿಯ ರಾಮೋತ್ಸವಕ್ಕೋ, 1905ರಿಂದ ನಡೆದುಬಂದಿರುವ ಬೆಂಗಳೂರು ಗಾಯನ ಸಮಾಜದ ಕಛೇರಿಗೋ ಹೋಗಿ, ತೊಡೆಯ ಮೇಲೆ ತಾಳ ಹಾಕುತ್ತ ಪಲ್ಲವಿಯ ಎಡುಪಿಗಾಗಿ ಕಾಯುವ ರಸಿಕರು ಈ ಊರಿನಲ್ಲಿ ತಲೆಮಾರುಗಳಿಂದ ಇದ್ದಾರೆ. ಅವರಿಗೆ ಬರೋಕ್ ಸಂಗೀತ ಪರಕೀಯವಾಗಿ ಕಾಣಬೇಕಾದ ಕಾರಣವಿಲ್ಲ. ಆ ಕಾಲದ ಯುರೋಪಿನ ಸಂಗೀತ ಬಹುಮಟ್ಟಿಗೆ ಮನೋಧರ್ಮದ ಸಂಗೀತ. ರಚನಕಾರ ಒಂದು ಚೌಕಟ್ಟನ್ನು ಬರೆದುಕೊಟ್ಟರೆ ಅದನ್ನು ಅಲಂಕರಿಸಿ, ತುಂಬಿ, ಬೆಳೆಸಿ ನುಡಿಸುವ ಹೊಣೆ ಕಲಾವಿದನದಾಗಿತ್ತು. ಬರೋಕ್ ಪ್ರಕಾರಗಳ ಪರಿಭಾಷೆಯನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಈ ಮಾತು ಸ್ಪಷ್ಟವಾಗುತ್ತದೆ.

ಎಲ್ಲಕ್ಕೂ ಆಧಾರವಾಗಿ ನಿಂತದ್ದು ‘ಬಾಸ್ಸೊ ಕಂಟಿನುವೊ’ ಎಂಬ ನಿರಂತರ ಮಂದ್ರಸ್ವರದ ಎಳೆ. ಚೆಲ್ಲೊದಂಥ ತಗ್ಗಿನ ದನಿಯ ವಾದ್ಯ ಈ ಎಳೆಯನ್ನು ನುಡಿಸಿದರೆ, ಹಾರ್ಪ್ಸಿಕಾರ್ಡ್, ಆರ್ಗನ್ ಅಥವಾ ಉದ್ದ ಕೊರಳಿನ ಥಿಯೋರ್ಬೊ ಅದರ ಮೇಲೆ ಕೂಡುಸ್ವರಗಳನ್ನು ತುಂಬುತ್ತವೆ. ಆ ಕೂಡುಸ್ವರಗಳನ್ನು ರಚನಕಾರ ಪೂರ್ತಿಯಾಗಿ ಬರೆಯುತ್ತಿರಲಿಲ್ಲ. ಮಂದ್ರಸ್ವರದ ಮೇಲೋ ಕೆಳಗೋ 6, 7, 4 ಎಂಬಂಥ ಅಂಕಿಗಳನ್ನು ಗುರುತಿಸಿ, ಅಲ್ಲಿಂದ ಆರನೆಯ, ಏಳನೆಯ, ನಾಲ್ಕನೆಯ ಸ್ವರಗಳು ಸೇರಬೇಕೆಂದು ಸೂಚಿಸಿ ಬಿಡುತ್ತಿದ್ದ. ಅಂಕಿಯೇ ಇಲ್ಲದ ಕಡೆ ಮೂರನೆಯ ಮತ್ತು ಐದನೆಯ ಸ್ವರಗಳು ಸೇರುತ್ತವೆಂಬುದು ಎಲ್ಲರೂ ಬಲ್ಲ ವಾಡಿಕೆ. ಆ ಸ್ವರಗಳನ್ನು ಒಟ್ಟಿಗೆ ಮೀಟಬೇಕೋ, ಬಿಡಿಸಿ ಹರಿಸಬೇಕೋ, ನಡುವೆ ಸಣ್ಣದೊಂದು ಸಂಚಾರ ಮಾಡಬೇಕೋ ಎಂಬುದೆಲ್ಲ ವಾದಕನ ವಿವೇಚನೆಗೆ ಸೇರಿದ್ದು. ನಮ್ಮ ಕೀರ್ತನೆಗಳ ಸ್ವರಲಿಪಿ ಗಮಕಗಳನ್ನು ಶಿಷ್ಯನ ಪಾಠಕ್ಕೆ ಬಿಟ್ಟು ಬರಿಯ ಅಸ್ಥಿಪಂಜರವನ್ನಷ್ಟೇ ಕೊಡುವ ಹಾಗೆ, ಈ ಅಂಕಿಗಳೂ ಬಲ್ಲವರಿಗಾಗಿ ಬರೆದ ಸಂಕ್ಷೇಪ. ತಂಬೂರಿ ಷಡ್ಜಪಂಚಮಗಳಲ್ಲಿ ಅಚಲವಾಗಿ ನಿಲ್ಲುತ್ತದೆ, ಬರೋಕ್ ಮಂದ್ರವಾದರೋ ಹೆಜ್ಜೆಯಿಡುತ್ತ ಚಲಿಸುತ್ತದೆ ಎಂಬ ಭೇದವನ್ನು ಮರೆಯುವಂತಿಲ್ಲ. ಆದರೆ ಮಗ್ಗದ ಮೇಲಿನ ಹಾಸು ನೂಲಿನಂತೆ ಕಣ್ಣಿಗೆ ಬೀಳದೆಯೂ ಇಡೀ ಬಟ್ಟೆಯನ್ನು ಹಿಡಿದು ನಿಲ್ಲಿಸುವ ಕೆಲಸ ಎರಡರದೂ ಆಗಿದೆ.

ಗಾಯನದ ಪ್ರಕಾರಗಳಲ್ಲಿ ಮೊದಲು ತಿಳಿಯಬೇಕಾದ ಜೋಡಿ ‘ರೆಸಿಟಟಿವ್’ ಮತ್ತು ‘ಏರಿಯಾ’. ಮಾತಿನ ಲಯವನ್ನೇ ಹಿಡಿದು, ನಿಯತ ತಾಳವಿಲ್ಲದೆ, ಕಥೆಯನ್ನು ಮುಂದಕ್ಕೆ ಸಾಗಿಸುವ ಗೇಯವಾಚನ ರೆಸಿಟಟಿವ್. ಕಥೆಯನ್ನು ಒಂದೆಡೆ ನಿಲ್ಲಿಸಿ, ಪಾತ್ರದ ಎದೆಯಲ್ಲಿರುವ ಭಾವವನ್ನು ಪೂರ್ಣವಾಗಿ ಹಾಡಿ ತೋರಿಸುವ ಗೀತ ಏರಿಯಾ. ಗುರುರಾಜುಲು ನಾಯ್ಡು ಅವರ ಅಥವಾ ಭದ್ರಗಿರಿ ಸೋದರರಾದ ಕೇಶವದಾಸ, ಅಚ್ಯುತದಾಸರ ಹರಿಕಥೆಗಳನ್ನು ಕೇಳಿದ ಬೆಂಗಳೂರಿನವರಿಗೆ ಈ ಹೆಣಿಗೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಇದೇ ಹೆಣಿಗೆ ವೇಷಭೂಷಣಗಳೊಂದಿಗೆ ರಂಗದ ಮೇಲೆ ಬಂದರೆ ಅದು ಆಪೆರಾ. ವೇಷ, ಅಭಿನಯಗಳಿಲ್ಲದೆ ಧಾರ್ಮಿಕ ಕಥಾನಕವನ್ನು ಗಾಯಕರು, ಮೇಳ ಮತ್ತು ವಾದ್ಯವೃಂದ ಸೇರಿ ನಿರೂಪಿಸಿದರೆ ಒರಟೋರಿಯೊ. ಕ್ರಿಸ್ತನ ಕೊನೆಯ ದಿನಗಳ ಕಥೆಯಾದರೆ ಪ್ಯಾಶನ್. ಆಯಾ ಭಾನುವಾರದ ಪೂಜೆಗೆ ಹೊಂದುವಂತೆ ಚಿಕ್ಕದಾಗಿ ರಚಿಸಿದ್ದಾದರೆ ಇಗರ್ಜಿಯ ಕಂಟಾಟ. ಡಬ್ಲಿನ್‌ನಲ್ಲಿ 1742ರಲ್ಲಿ ಮೊದಲ ಬಾರಿಗೆ ಹಾಡಲಾದ ಹ್ಯಾಂಡೆಲನ ‘ಮೆಸ್ಸಾಯ’ ಒರಟೋರಿಯೊಗಳಲ್ಲಿ ಅತ್ಯಂತ ಜನಪ್ರಿಯವಾದದ್ದು. ಬಾಖ್‌ನ ಕಂಟಾಟಗಳಲ್ಲಿ ಸುಮಾರು 200 ಉಳಿದುಬಂದಿವೆ.

ಏರಿಯಾಗಳಲ್ಲಿ ‘ಡ ಕಾಪೊ’ ಎಂಬ ಬಗೆ ವಿಶೇಷ ಗಮನಕ್ಕೆ ಅರ್ಹವಾದದ್ದು. ಮೊದಲ ಭಾಗ ಹಾಡಿ, ಬೇರೊಂದು ಭಾವದ ಎರಡನೆಯ ಭಾಗವನ್ನು ಮುಗಿಸಿ, ಗಾಯಕ ಮತ್ತೆ ಮೊದಲಿನ ಭಾಗಕ್ಕೆ ಬರುತ್ತಾನೆ. ಆದರೆ ಹಾಗೆ ಬಂದಾಗ ಮೊದಲು ಹಾಡಿದ್ದನ್ನೇ ಹಾಡುವಂತಿಲ್ಲ, ಪ್ರತಿ ಸಾಲಿಗೂ ಹೊಸ ಅಲಂಕಾರಗಳನ್ನು ಸ್ವಂತವಾಗಿ ಸೇರಿಸಬೇಕು. ಫಾರಿನೆಲ್ಲಿಯಂಥ ಗಾಯಕರ ಕೀರ್ತಿ ನಿಂತದ್ದು ಈ ಮರಳುವಿಕೆಯ ಮೇಲೆಯೇ. ಅನುಪಲ್ಲವಿ, ಚರಣಗಳಾದ ಬಳಿಕ ಪಲ್ಲವಿಗೆ ಬಂದು, ಸಂಗತಿಗಳಿಂದ ಅದನ್ನು ಇನ್ನಷ್ಟು ಬೆಳಗಿಸುವ ಗಾಯಕರನ್ನು ಮೆಚ್ಚುವ ರಸಿಕರು ಡ ಕಾಪೊ ಏರಿಯಾದ ಮೂರನೆಯ ಭಾಗಕ್ಕಾಗಿ ಅದೇ ಕುತೂಹಲದಿಂದ ಕಾಯಬಲ್ಲರು. ಒಂದು ಏರಿಯಾ ಅಥವಾ ಅದರ ಒಂದು ಭಾಗ ಒಂದೇ ಸ್ಥಾಯಿಭಾವವನ್ನು ಹಿಡಿದು ನಡೆಯಬೇಕೆಂಬ ಆ ಕಾಲದ ನಂಬಿಕೆಯೂ ರಾಗಕ್ಕೊಂದು ಚಹರೆಯನ್ನು ಕಂಡವರಿಗೆ ಸಹಜವಾಗಿಯೇ ತೋರುತ್ತದೆ.

ವಾದ್ಯಸಂಗೀತಕ್ಕೆ ಬಂದರೆ ‘ಸ್ವೀಟ್’ ಎಂಬ ಮಾಲಿಕೆ ಎದುರಾಗುತ್ತದೆ. ಒಂದೇ ಶ್ರುತಿಯನ್ನು ಆಧರಿಸಿ ನಾಲ್ಕಾರು ನೃತ್ಯಗತಿಗಳನ್ನು ಸಾಲಾಗಿ ಜೋಡಿಸುವುದು ಇದರ ಲಕ್ಷಣ: ಸಮಗತಿಯಲ್ಲಿ ಗಂಭೀರವಾಗಿ ನಡೆಯುವ ಅಲ್ಲೆಮಾಂಡ್, ಮೂರರ ಎಣಿಕೆಯಲ್ಲಿ ಓಡುವ ಕೂರಾಂಟ್, ಅದೇ ಮೂರನ್ನು ನಿಧಾನಿಸಿ ಎರಡನೆಯ ಎಣಿಕೆಯ ಮೇಲೆ ಭಾರ ಹಾಕುವ ಸರಬಾಂಡ್, ಕೊನೆಗೆ ಕುಪ್ಪಳಿಸುವ ಜೀಗ್. ಬಾಖ್‌ನ ಕಾಲಕ್ಕೆ ಇವು ಕುಣಿಯುವುದಕ್ಕಿಂತ ಹೆಚ್ಚಾಗಿ ಕೇಳುವ ರಚನೆಗಳಾಗಿದ್ದವು. ಒಂಟಿ ಚೆಲ್ಲೊಗಾಗಿ ಅವನು ಬರೆದ 6 ಸ್ವೀಟ್‌ಗಳು ಈ ಪ್ರಕಾರದ ಶಿಖರ. ಇದಕ್ಕೆ ಕನ್ನಡದಲ್ಲಿ ಅತಿ ಹತ್ತಿರದ ಬಂಧು ಸುಳಾದಿ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳಲ್ಲಿ ಒಂದೊಂದು ನುಡಿಯನ್ನು ಒಂದೊಂದು ತಾಳಕ್ಕೆ ಒಪ್ಪಿಸಿ, ತತ್ತ್ವವಿಚಾರವನ್ನು ಹಂತಹಂತವಾಗಿ ಬೆಳೆಸಿ, ಎರಡು ಸಾಲಿನ ಜತೆಯಲ್ಲಿ ಮುಗಿಸುವ ಸುಳಾದಿಯನ್ನು ವಿಜಯದಾಸರು ಬೆಳೆಸುತ್ತಿದ್ದ ವರ್ಷಗಳಲ್ಲಿಯೇ ಬಾಖ್ ತನ್ನ ಸ್ವೀಟ್‌ಗಳನ್ನು ಬರೆಯುತ್ತಿದ್ದ. ಒಂದಕ್ಕೆ ದೇವರ ಧ್ಯಾನ ಮೂಲ, ಇನ್ನೊಂದಕ್ಕೆ ಅರಮನೆಯ ನರ್ತನ ಮೂಲ. ಆದರೆ ಗತಿಯನ್ನು ಬದಲಿಸುವುದರಿಂದಲೇ ಕೇಳುಗರ ಮನಸ್ಸನ್ನು ಸ್ಥಿತಿಯಿಂದ ಸ್ಥಿತಿಗೆ ಒಯ್ಯಬಹುದೆಂಬ ಅರಿವು ಇಬ್ಬರಿಗೂ ಇತ್ತು.

ಬರೋಕ್ ಪ್ರಕಾರಗಳಲ್ಲಿ ಪಲ್ಲವಿಪ್ರಿಯರನ್ನು ಒಡನೆಯೇ ಸೆಳೆಯಬಲ್ಲದ್ದು ‘ಗ್ರೌಂಡ್ ಬಾಸ್’ ಮತ್ತು ಅದರ ಕುಟುಂಬದ ಚಾಕೋನ್, ಪಾಸಾಕಾಲ್ಯಗಳು. ಕೆಲವೇ ಆವರ್ತಗಳ ಒಂದು ಮಂದ್ರದ ವಾಕ್ಯ ಬಿಡದೆ ಆವರ್ತಿಸುತ್ತಿರುತ್ತದೆ, ಅದರ ಮೇಲೆ ಪ್ರತಿ ಸಲವೂ ಹೊಸದೊಂದು ಮಾತು ಹುಟ್ಟುತ್ತದೆ. ಇಂಗ್ಲೆಂಡಿನ ಹೆನ್ರಿ ಪರ್ಸೆಲ್‌ನ ‘ಡೈಡೊ ಅಂಡ್ ಈನಿಯಸ್’ ಗೀತನಾಟಕದ ಕೊನೆಯಲ್ಲಿ, ಷಡ್ಜದಿಂದ ಕೆಳಗಿನ ಪಂಚಮದವರೆಗೆ ಅರೆಯರೆ ಸ್ವರವಾಗಿ ಇಳಿಯುವ ಇಂಥ ವಾಕ್ಯದ ಮೇಲೆ ಸಾಯಲಿರುವ ರಾಣಿಯ ಹಾಡು ನಿಂತಿದೆ. ಬಾಖ್ 1720ರ ತನ್ನ ಹಸ್ತಪ್ರತಿಯಲ್ಲಿ ಒಂಟಿ ಪಿಟೀಲಿಗಾಗಿ ಬರೆದ ಎರಡನೆಯ ಪಾರ್ಟಿಟಾದ ಕೊನೆಯಲ್ಲಿರುವ ಚಾಕೋನ್ ನಾಲ್ಕು ಆವರ್ತದ ಒಂದು ಸಣ್ಣ ಎಳೆಯನ್ನು ಅರವತ್ತಕ್ಕೂ ಹೆಚ್ಚು ಬಗೆಯಲ್ಲಿ ವಿಸ್ತರಿಸಿ ಸುಮಾರು ಕಾಲು ಗಂಟೆ ಬೆಳೆಯುತ್ತದೆ. ಸಾಧಾರಣ ಗಾಂಧಾರದಲ್ಲಿ ಬಹುಕಾಲ ನಡೆದ ಅದು ನಡುವೆ ಅಂತರ ಗಾಂಧಾರಕ್ಕೆ ತಿರುಗಿದಾಗ ಆಗುವ ಬೆಳಕಿನ ಅನುಭವವನ್ನು ಸ್ವರಜ್ಞಾನವುಳ್ಳ ಯಾವ ರಸಿಕರೂ ತಪ್ಪಿಸಿಕೊಳ್ಳಲಾರರು. ಪಲ್ಲವಿಯ ಸಾಹಿತ್ಯವನ್ನೂ ಅದರ ಸ್ಥಾನವನ್ನೂ ಕದಲಿಸದೆ ರಾಗವನ್ನು ಹೊಸಹೊಸದಾಗಿ ತುಂಬುವ ನೆರವಲ್‌ಗೂ ಚಾಕೋನ್‌ಗೂ ಇರುವ ಶಿಸ್ತು ಒಂದೇ: ಕಟ್ಟು ಬಿಗಿಯಾದಷ್ಟೂ ಕಲ್ಪನೆ ಹರಿತವಾಗುತ್ತದೆ.

ತಾಳದ ಕಟ್ಟೇ ಇಲ್ಲದ ರಚನೆಗಳೂ ಇವೆ. ಫ್ರಾನ್ಸಿನ ಲೂಯಿ ಕೂಪರಾನ್ ಹಾರ್ಪ್ಸಿಕಾರ್ಡಿಗಾಗಿ ಬರೆದ ‘ಅಳತೆಯಿಲ್ಲದ ಪ್ರೆಲ್ಯೂಡ್’ಗಳಲ್ಲಿ ಸ್ವರಗಳನ್ನು ಬರೆದಿದ್ದರೂ ಅವುಗಳ ಕಾಲಮಾನವನ್ನು ಬರೆದಿಲ್ಲ, ವಾದಕ ತಂತಿಗಳ ನಾದವನ್ನು ಆಲಿಸುತ್ತ ಅಳತೆಯನ್ನು ತಾನೇ ಕಂಡುಕೊಳ್ಳಬೇಕು. ಮೈಸೂರು ವೀಣೆಯ ತಾನವನ್ನು ಕೇಳಿ ಬಲ್ಲವರಿಗೆ ಮೀಟಿದ ತಂತಿಯ ಈ ಅನಿಬದ್ಧ ವಿಹಾರ ಪರಿಚಿತವೇ. ವೀಣೆಯ ಮಾತು ಬಂದಾಗ ಇನ್ನೊಂದು ಸಾಮ್ಯವೂ ನೆನಪಾಗುತ್ತದೆ. ತಂಜಾವೂರಿನ ರಘುನಾಥ ನಾಯಕನ ಆಳ್ವಿಕೆಯಲ್ಲಿ, ಕನ್ನಡಿಗ ಮನೆತನದ ಗೋವಿಂದ ದೀಕ್ಷಿತರು ಮಂತ್ರಿಯಾಗಿದ್ದಾಗ, ವೀಣೆಗೆ 24 ಸ್ಥಿರ ಮೆಟ್ಟಿಲುಗಳು ಬಂದು ಎಲ್ಲ ರಾಗಗಳನ್ನೂ ಒಂದೇ ವಾದ್ಯದಲ್ಲಿ ನುಡಿಸುವಂತಾಯಿತೆಂಬುದು ಪರಂಪರೆಯ ಮಾತು. ಅವರ ಮಗ ವೇಂಕಟಮಖಿ ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ಸಪ್ತಕದ 12 ಸ್ಥಾನಗಳಿಂದ 72 ಮೇಳಗಳ ಲೆಕ್ಕವನ್ನು ಹಾಕಿಕೊಟ್ಟರು. ಬಾಖ್ 1722ರಲ್ಲಿ ಅದೇ 12 ಸ್ಥಾನಗಳ ಒಂದೊಂದರ ಮೇಲೂ ಮೇಜರ್, ಮೈನರ್ ಎಂಬ ಎರಡು ಮೇಳಗಳನ್ನಿಟ್ಟು, 24 ಪ್ರೆಲ್ಯೂಡ್ ಮತ್ತು ಫ್ಯೂಗ್‌ಗಳ ‘ವೆಲ್ ಟೆಂಪರ್ಡ್ ಕ್ಲೇವಿಯರ್’ನ ಮೊದಲ ಸಂಪುಟವನ್ನು ಪೂರ್ಣಗೊಳಿಸಿದ. ವಾದ್ಯದ ಸ್ವರಸ್ಥಾನಗಳನ್ನು ವ್ಯವಸ್ಥೆಗೊಳಿಸಿದಾಗ ಸಂಗೀತದ ಇಡೀ ಭೂಪಟವನ್ನೇ ಬರೆದಿಡಬೇಕೆಂಬ ಹಂಬಲ ಎರಡೂ ಕಡೆ ಹುಟ್ಟಿತು.

ಮೇಳವಾದನದಲ್ಲಿ ‘ಟ್ರಿಯೊ ಸೊನಾಟ’ ಮತ್ತು ‘ಕನ್ಚೆರ್ಟೊ’ ಮುಖ್ಯವಾದವು. ಎರಡು ಪಿಟೀಲುಗಳು ಸಂವಾದ ನಡೆಸಿ, ಮಂದ್ರದ ಎಳೆ ಅವನ್ನು ಆಧರಿಸುವ ಟ್ರಿಯೊ ಸೊನಾಟದಲ್ಲಿ ಮೂರು ಎಳೆಗಳಿದ್ದರೂ ಮಂದ್ರಕ್ಕೆ ಇಬ್ಬರು ಬೇಕಾದ್ದರಿಂದ ಸಾಮಾನ್ಯವಾಗಿ ನಾಲ್ವರು ನುಡಿಸುತ್ತಾರೆ. ಆರ್ಕಾಂಜೆಲೊ ಕೊರೆಲ್ಲಿ 1681ರಲ್ಲಿ ಪ್ರಕಟಿಸಿದ ಮೊದಲ ಸಂಪುಟ ಈ ಪ್ರಕಾರಕ್ಕೆ ಮಾದರಿಯಾಯಿತು. ಕೆಲವೇ ವಾದಕರ ಗುಂಪೊಂದು ದೊಡ್ಡ ವೃಂದದೊಡನೆ ಸರದಿಯಲ್ಲಿ ನುಡಿಸುವುದು ಕನ್ಚೆರ್ಟೊ ಗ್ರೊಸ್ಸೊ. ಒಬ್ಬನೇ ವಾದಕ ಮುಂದೆ ನಿಲ್ಲುವ ಕನ್ಚೆರ್ಟೊದ ವೇಗದ ಭಾಗಗಳಲ್ಲಿ ವೃಂದದ ಸಾಲೊಂದು ಮತ್ತೆಮತ್ತೆ ಮರಳುತ್ತದೆ, ಅದೇ ‘ರಿಟೊರ್ನೆಲ್ಲೊ’. ಅದರ ನಡುನಡುವೆ ಒಂಟಿ ವಾದಕ ದೂರ ಸಾಗಿ ಹಿಂದಿರುಗುತ್ತಾನೆ. 1725ರಲ್ಲಿ ಪ್ರಕಟವಾದ ವಿವಾಲ್ಡಿಯ ‘ನಾಲ್ಕು ಋತುಗಳು’ ಇದರ ಸೊಗಸಾದ ನಿದರ್ಶನ. ಕಲ್ಪನಾಸ್ವರಗಳು ಎಷ್ಟೇ ದೂರ ಹರಿದರೂ ಎಡುಪಿಗೆ ಬಂದು ಸೇರುವ ಸುಖವನ್ನು ಬಲ್ಲ ಕಿವಿಗೆ ರಿಟೊರ್ನೆಲ್ಲೊ ತಾನಾಗಿಯೇ ದಕ್ಕುತ್ತದೆ.

ಕಿವಿ ಹೊಸದಾಗಿ ಕಲಿಯಬೇಕಾದ ಪ್ರಕಾರವೊಂದಿದೆ, ಅದು ‘ಫ್ಯೂಗ್’. ಒಂದು ದನಿ ಒಂಟಿಯಾಗಿ ಒಂದು ವಾಕ್ಯವನ್ನು ಹೇಳುತ್ತದೆ, ಅದು ‘ಸಬ್ಜೆಕ್ಟ್’. ಎರಡನೆಯ ದನಿ ಅದನ್ನೇ ಪಂಚಮದ ನೆಲೆಯಿಂದ ಹೇಳುತ್ತದೆ, ಅದು ‘ಆನ್ಸರ್’. ಆಗ ಮೊದಲಿನ ದನಿ ಸುಮ್ಮನಾಗದೆ ಅದಕ್ಕೊಪ್ಪುವ ಪ್ರತಿವಾಕ್ಯವನ್ನು ನುಡಿಸುತ್ತಿರುತ್ತದೆ. ಹೀಗೆ ಮೂರನೆಯ, ನಾಲ್ಕನೆಯ ದನಿಗಳೂ ಒಂದೊಂದಾಗಿ ಬಂದು ಸೇರುತ್ತವೆ. ಒಂದು ದನಿ ಮುಗಿಸುವ ಮುನ್ನವೇ ಇನ್ನೊಂದು ಅದೇ ವಾಕ್ಯದೊಂದಿಗೆ ಒಳನುಗ್ಗಿದರೆ ಅದು ‘ಸ್ಟ್ರೆಟ್ಟೊ’. ಹಲವು ಎಳೆಗಳನ್ನು ಏಕಕಾಲಕ್ಕೆ ಹಿಂಬಾಲಿಸುವುದು ಒಂದೇ ಎಳೆಯ ಸೂಕ್ಷ್ಮಗಳಲ್ಲಿ ಪಳಗಿದ ಕರ್ನಾಟಕ ಸಂಗೀತದ ಕಿವಿಗೆ ನಿಜವಾಗಿಯೂ ಹೊಸದು. ಆದರೂ ಕೈಮರವೊಂದು ಇಲ್ಲಿಯೂ ಉಂಟು: ಫ್ಯೂಗ್‌ನ ವಾಕ್ಯ ಕೆಲವೊಮ್ಮೆ ಇಮ್ಮಡಿ ನಿಧಾನವಾಗಿ, ಕೆಲವೊಮ್ಮೆ ಅರ್ಧದಷ್ಟು ಕಾಲದಲ್ಲಿ ಬರುತ್ತದೆ, ಮತ್ತು ಪಲ್ಲವಿಯನ್ನು ತ್ರಿಕಾಲದಲ್ಲಿ ಗುರುತಿಸಿ ತಲೆದೂಗುವವರು ಇದನ್ನೂ ಗುರುತಿಸಿ ತಲೆದೂಗಬಲ್ಲರು.

ಎರಡು ಸಂಪ್ರದಾಯಗಳಿಗೂ ಸೇತುವೆಯಾದ ವಾದ್ಯ ಪಿಟೀಲು. ಬರೋಕ್ ಯುಗದ ರಾಣಿಯಾಗಿದ್ದ ಈ ವಾದ್ಯವನ್ನು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ನರಿಂದ ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ತಿರುಮಕೂಡಲು ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿ ನಮ್ಮ ಸಭೆಗಳನ್ನು ತುಂಬುವ ನಾದವನ್ನು ಪಡೆದರು. ಮಲ್ಲೇಶ್ವರದ ಬಳಿಯ ಚೌಡಯ್ಯ ಸ್ಮಾರಕ ಭವನ ಆ ಪಿಟೀಲಿನ ಆಕಾರದಲ್ಲಿಯೇ ನಿಂತಿದೆ. ಶ್ರೀವಿದ್ಯೆಯ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರೂ ಹೌದು. ಎರಡು ಸಂಗೀತಗಳನ್ನು ಒಂದೇ ಹೃದಯದಲ್ಲಿ ಇಟ್ಟುಕೊಳ್ಳುವುದು ಈ ನಾಡಿಗೆ ಹೊಸ ಸಂಗತಿಯಲ್ಲ.

ಆದ್ದರಿಂದ ಪೇಟೆಯ ರಸಿಕರು ಬರೋಕ್ ಸಂಗೀತವನ್ನು ದಂಡುಪ್ರದೇಶದವರ ಸೊತ್ತೆಂದು ದೂರವಿಡಬೇಕಾಗಿಲ್ಲ, ಕೇಳುವುದಕ್ಕೆ ಪಿಯಾನೋ ಪಾಠವೂ ಬೇಕಾಗಿಲ್ಲ. ಮೊದಲು ಪರ್ಸೆಲ್‌ನ ರಾಣಿಯ ಹಾಡು, ಬಳಿಕ ವಿವಾಲ್ಡಿಯ ಒಂದು ಋತು, ಆಮೇಲೆ ಚೆಲ್ಲೊ ಸ್ವೀಟ್‌ನ ಒಂದು ಸರಬಾಂಡ್, ಅದಾದ ಮೇಲೆ ಚಾಕೋನ್, ಕೊನೆಗೆ ಒಂದು ಫ್ಯೂಗ್ ಎಂಬ ಕ್ರಮದಲ್ಲಿ, ಪ್ರತಿಯೊಂದನ್ನೂ ಮೂರು ನಾಲ್ಕು ಬಾರಿ, ಕೈಯಲ್ಲಿ ಎಣಿಕೆ ಹಾಕುತ್ತ, ಮೇಲಿನ ರಾಗಕ್ಕಿಂತ ಮೊದಲು ಮಂದ್ರದ ಎಳೆಗೆ ಕಿವಿಗೊಟ್ಟು ಕೇಳಲಿ. ರಾಮೋತ್ಸವದ ಚಪ್ಪರದಲ್ಲಿ ಗಳಿಸಿದ ಕೇಳ್ಮೆ ಉಳಿದದ್ದನ್ನು ತಾನೇ ಕಲಿಸುತ್ತದೆ.